ಮೂಡಿಗೆರೆಯಿಂದ ಚೆನ್ನೈ ಒಟಿಎಗೆ: ಬೂಟು, ಕಾಲು, ಸಾಮಾನು ಸಿದ್ಧ ಮಾಡಿಕೊಳ್ಳುವುದು ಹೇಗೆ?

ಮೂಡಿಗೆರೆ ಹತ್ತಿರದ ಎಸ್ಟೇಟಿನಲ್ಲಿ ಮನೆ, ಅಕ್ಟೋಬರ್‌ನಲ್ಲಿ ಚೆನ್ನೈನ ಆಫೀಸರ್ಸ್ ಟ್ರೈನಿಂಗ್ ಅಕಾಡೆಮಿಗೆ (ಒಟಿಎ) ಹಾಜರಾಗಬೇಕು, ಈಗ ಜುಲೈ, ಮಳೆ ಬಿಡುವು ಕೊಡುತ್ತಿಲ್ಲ ಎಂದು ಬರೆದಿದ್ದೀರಿ. ಯಾವ ಬೂಟು ಕೊಳ್ಳಲಿ, ಅಣ್ಣನ ಹಳೇ ಎನ್‌ಸಿಸಿ ಬೂಟು ಆಗುತ್ತದಾ, ಜೊತೆಗೆ ಏನೇನು ಕಟ್ಟಿಕೊಳ್ಳಲಿ ಎಂಬುದು ನಿಮ್ಮ ಪ್ರಶ್ನೆ. ನಮ್ಮ ಜಿಲ್ಲೆಯಿಂದ ಸೇನೆಗೆ ಹೊರಡುವ ಮಕ್ಕಳಿಗೆ ಈ ಸಿದ್ಧತೆ ಮಾಡಿಸುವವನಾಗಿ ಮೊದಲೇ ಹೇಳಿಬಿಡುತ್ತೇನೆ: ದುಡ್ಡನ್ನು ಕಾಲುಚೀಲಕ್ಕೂ ಓಟದ ಶೂಗೂ ಹಾಕಿ, ಸಮಯವನ್ನು ಕಾಲಿಗೆ ಕೊಡಿ. ದುಬಾರಿ ಕಾಂಬ್ಯಾಟ್ ಬೂಟು ಸದ್ಯಕ್ಕೆ ಬೇಡ.

ಕಾರಣ ಇಷ್ಟೆ. ಸಮವಸ್ತ್ರದ ಬೂಟು, ಡ್ರಿಲ್ ಬೂಟು, ಬೆಲ್ಟು ಇವೆಲ್ಲ ಅಲ್ಲಿ ಎಲ್ಲರಿಗೂ ಒಂದೇ ಮಾದರಿಯದ್ದಾಗಿರಬೇಕು. ಅಲ್ಲೇ ಸಿಗುತ್ತವೆ, ಇಲ್ಲವೇ ಅವರು ಹೇಳಿದ ಕಡೆಯೇ ಕೊಳ್ಳಬೇಕಾಗುತ್ತದೆ. ಜಾಯಿನಿಂಗ್ ಲೆಟರ್ ಜೊತೆ ಬರುವ ಪಟ್ಟಿಯೇ ಕೊನೆಯ ಮಾತು. ಯಾರೋ ಸೀನಿಯರ್ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಹಳೆಯ ಪಟ್ಟಿ ನಂಬಿ ಸಾವಿರಾರು ರೂಪಾಯಿ ಸುರಿಯಬೇಡಿ. ಪಟ್ಟಿಯಲ್ಲಿ ‘ಮನೆಯಿಂದ ತರಬೇಕು’ ಎಂದಿರುವುದನ್ನು ಮಾತ್ರ, ಹೇಳಿದ ಬಣ್ಣ, ಹೇಳಿದ ಸಂಖ್ಯೆಯಲ್ಲೇ ತನ್ನಿ.

ಹಾಗಿದ್ದರೆ ಈಗ ಬೂಟೇ ಬೇಡವೇ? ಅಭ್ಯಾಸಕ್ಕೆ ಒಂದು ಜೊತೆ ಬೇಕು. ಹರಡಿನ ಮೇಲಕ್ಕೆ ಬರುವ, ಕಪ್ಪು ಚರ್ಮದ, ಸಾದಾ ಡಿಎಂಎಸ್ ಮಾದರಿಯ (ಅಟ್ಟೆಯನ್ನು ನೇರ ಚರ್ಮಕ್ಕೇ ಅಚ್ಚೊತ್ತಿ ಕೂಡಿಸಿದ) ಬೂಟು ಸಾಕು. ಅಣ್ಣನದು ಬೇಡ. ಒಳಗಿನ ಅಟ್ಟೆ ಆಗಲೇ ಅವರ ಹಿಮ್ಮಡಿ, ಹೆಬ್ಬೆರಳಿನ ಅಚ್ಚಿಗೆ ಕೂತಿರುತ್ತದೆ, ನಿಮ್ಮ ಕಾಲು ಆ ಗುಂಡಿಯೊಳಗೆ ವಾಲುತ್ತದೆ. ಅಂಗಡಿಯಲ್ಲಿ ಕೊಳ್ಳುವಾಗಲೂ ಒಂದು ಎಚ್ಚರಿಕೆ ಬೇಕು. ಪಾಲಿಯುರೆಥೇನ್ ಅಟ್ಟೆಯ ಬೂಟು ಹಾಕದೆ ಇಟ್ಟರೂ ಗಾಳಿಯ ತೇವಕ್ಕೆ ಒಳಗಿಂದಲೇ ಹಾಳಾಗುತ್ತದೆ. ಮಲೆನಾಡಿನ ಅಂಗಡಿಯಲ್ಲಿ ವರ್ಷಗಟ್ಟಲೆ ಕೂತ ಹಳೇ ಸ್ಟಾಕ್ ಆದರೆ ಮೊದಲ ಹತ್ತು ಕಿಲೋಮೀಟರಿಗೇ ಅಟ್ಟೆ ಪುಡಿಪುಡಿ. ತಯಾರಾದ ತಿಂಗಳು, ವರ್ಷ ನೋಡಿ. ಅಟ್ಟೆಗೆ ಉಗುರು ಒತ್ತಿ: ಅಂಟಂಟಾಗಿದ್ದರೆ, ಚೂರು ಉದುರಿದರೆ, ಬಗ್ಗಿಸಿದಾಗ ಸೂಕ್ಷ್ಮ ಬಿರುಕು ಕಂಡರೆ ವಾಪಸ್ ಕೊಡಿ.

ಅಳತೆಗೆ ಸಂಜೆ ಹೋಗಿ, ದಿನವೆಲ್ಲ ಓಡಾಡಿದ ಕಾಲು ಸ್ವಲ್ಪ ಊದಿರುತ್ತದೆ, ತರಬೇತಿಯ ದೂರದ ನಡಿಗೆಯಲ್ಲೂ ಹಾಗೇ ಊದುತ್ತದೆ. ಯಾವ ಕಾಲುಚೀಲ ಹಾಕುತ್ತೀರೋ ಅದನ್ನೇ ಹಾಕಿಕೊಂಡು ನೋಡಿ. ಎರಡು ಪಾದ ಸಮ ಇರುವುದು ಅಪರೂಪ, ದೊಡ್ಡ ಪಾದಕ್ಕೆ ಅಳತೆ ತೆಗೆಸಿ. ನಿಂತಾಗ ಅತಿ ಉದ್ದದ ಬೆರಳಿನ ಮುಂದೆ ಒಂದರಿಂದ ಒಂದೂಕಾಲು ಸೆಂಟಿಮೀಟರ್ ಜಾಗ ಇರಲಿ. ಲೇಸು ಬಿಗಿದು ಹತ್ತು ಹೆಜ್ಜೆ ನಡೆದಾಗ ಹಿಮ್ಮಡಿ ಎದ್ದೆದ್ದು ಕೂರಬಾರದು. ಹೆಣ್ಣುಮಕ್ಕಳು ಇಲ್ಲಿ ವಿಶೇಷ ಗಮನ ಕೊಡಬೇಕು. ಯುಕೆ ಅಳತೆಯ 5 ಗಂಡಸರಿಗೂ ಹೆಂಗಸರಿಗೂ ಒಂದೇ ಉದ್ದ, ಆದರೆ ಗಂಡಸರ ಅಚ್ಚಿನಲ್ಲಿ ಹಿಮ್ಮಡಿ ಅಗಲ. ಸಡಿಲ ಎನಿಸಿತೆಂದು ಒಂದು ಸೈಜ್ ಕಡಿಮೆ ತೆಗೆದುಕೊಂಡರೆ ಇಳಿಜಾರಿನಲ್ಲಿ ಬೆರಳು ಮುಂದಕ್ಕೆ ಹೊಡೆದು ಉಗುರು ಕಪ್ಪಾಗುತ್ತದೆ. ಉದ್ದ ಸರಿಯಾದದ್ದನ್ನೇ ತೆಗೆದುಕೊಂಡು ಹಿಮ್ಮಡಿಯ ಸಡಿಲವನ್ನು ಕಾಲುಚೀಲ, ಇನ್‌ಸೋಲ್, ಲೇಸಿನಲ್ಲಿ ಸರಿಮಾಡಿಕೊಳ್ಳಿ.

ಲೇಸಿನ ವಿಷಯ ಸಣ್ಣದೆಂದು ಬಿಡಬೇಡಿ, ಅರ್ಧ ಗಾಯ ಇಲ್ಲೇ ತಪ್ಪುತ್ತದೆ. ಪಾದ ಮುಗಿದು ಕಾಲು ಮೇಲೇಳುವ ಮಡಿಕೆಯವರೆಗೆ ಪ್ರತಿ ತೂತಿನಲ್ಲೂ ಸಡಿಲ ಎಳೆದು ಬಿಗಿ ಮಾಡಿ. ಆ ಮಡಿಕೆಯಲ್ಲಿ ಎರಡೂ ಲೇಸನ್ನು ಒಂದರ ಸುತ್ತ ಒಂದು ಎರಡು ಸುತ್ತು ತಿರುಚಿ ಎಳೆಯಿರಿ, ಬಿಗಿ ಅಲ್ಲಿಗೇ ನಿಲ್ಲುತ್ತದೆ. ಅದರ ಮೇಲಿನ ಭಾಗ ಕೊಂಚ ಹಗುರವಾಗಿರಲಿ. ಮೇಲೆಯೂ ಬಿಗಿದರೆ ಹಿಮ್ಮಡಿಯ ಹಿಂದಿನ ಸ್ನಾಯುರಜ್ಜು ಒತ್ತಿ ಎರಡೇ ದಿನದಲ್ಲಿ ನೋಯುತ್ತದೆ. ಬೂಟಿನ ನಾಲಗೆ ನಡುವೆಯೇ ಕೂತಿದೆಯೇ, ಮಡಿಚಿಲ್ಲವೇ ಎಂದು ಪ್ರತಿ ಸಲ ನೋಡಿ. ಲೇಸಿನ ತುದಿಯನ್ನು ಒಳಗೆ ಸಿಕ್ಕಿಸಿ, ನೇತಾಡುವ ಲೇಸು ಅಡೆತಡೆ ಓಟದಲ್ಲಿ ಬೀಳಿಸುತ್ತದೆ.

ಈಗ ಮುಖ್ಯ ಕೆಲಸ. ಹತ್ತು ವಾರ ನಿಮ್ಮ ಕೈಯಲ್ಲಿದೆ. ಮೊದಲ ವಾರ ಮನೆಯೊಳಗೇ, ಸಂಜೆ ಒಂದು ಗಂಟೆ ಬೂಟು ಹಾಕಿ ಮೆಟ್ಟಿಲು ಹತ್ತಿ ಇಳಿಯಿರಿ. ಎರಡನೇ ವಾರ ಮಣ್ಣಿನ ದಾರಿಯಲ್ಲಿ ಎರಡು ಕಿಲೋಮೀಟರ್ ನಡಿಗೆ, ದಿನ ಬಿಟ್ಟು ದಿನ. ಮೂರು, ನಾಲ್ಕನೇ ವಾರ ನಾಲ್ಕು ಕಿಲೋಮೀಟರ್. ಐದನೇ ವಾರದಿಂದ ಬೆನ್ನಿಗೆ ಮೂರು ಕೆಜಿ, ಎಂಟನೇ ವಾರದ ಹೊತ್ತಿಗೆ ಎಂಟು ಕೆಜಿಯೊಂದಿಗೆ ಎಂಟರಿಂದ ಹತ್ತು ಕಿಲೋಮೀಟರ್ ನಡಿಗೆ, ವಾರಕ್ಕೆ ಒಂದು ಸಲ. ತೂಕವನ್ನೂ ದೂರವನ್ನೂ ಒಂದೇ ವಾರದಲ್ಲಿ ಏರಿಸಬೇಡಿ. ಎಸ್ಟೇಟಿನ ಜೀಪ್ ರಸ್ತೆ ಇದಕ್ಕೆ ಹೇಳಿ ಮಾಡಿಸಿದ್ದು, ಏರು, ಇಳಿಜಾರು, ಕಲ್ಲು, ಕೆಸರು ಎಲ್ಲ ಇದೆ. ಒಂದೆರಡು ಸಲ 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿಗೂ ಹೋಗಿ, ಬೂಟಿನ ನಿಜವಾದ ಪರೀಕ್ಷೆ ಇಳಿಯುವಾಗ ಆಗುತ್ತದೆ. ಮಳೆಯಲ್ಲಿ ಸರ್ಪದಾರಿ ಎಂಬ ಕಾಲುದಾರಿ ಬೇಡ, ಜಾರುತ್ತದೆ, ರಸ್ತೆಯಲ್ಲೇ ನಡೆಯಿರಿ. ಶನಿವಾರ, ಭಾನುವಾರ ಪ್ರವಾಸಿಗರ ಕಾರುಗಳ ಸಾಲು ಇರುವುದರಿಂದ ವಾರದ ನಡುವಿನ ದಿನ ಆರಿಸಿಕೊಳ್ಳಿ.

ಬೂಟಿನಲ್ಲಿ ಓಡುವುದು ಏಳನೇ ವಾರದ ನಂತರ, ಅದೂ ಹುಲ್ಲು ಅಥವಾ ಮಣ್ಣಿನ ಮೈದಾನದಲ್ಲಿ, ನಾನೂರು ಮೀಟರ್ ಓಟ, ನಾನೂರು ಮೀಟರ್ ನಡಿಗೆ. ಅಲ್ಲಿ ತರಬೇತಿಯಲ್ಲಿ ಬೂಟು, ಹೊರೆ, ರೈಫಲ್ ಸಮೇತ ಓಡಬೇಕು ನಿಜ. ಹಾಗೆಂದು ಮನೆಯಲ್ಲೇ ಅದನ್ನು ಡಾಂಬರು ರಸ್ತೆಯ ಮೇಲೆ ಅಭ್ಯಾಸ ಮಾಡಲು ಹೋದವರು ಕಣಕಾಲಿನ ಒಳಬದಿಯ ನೋವು ಹೊತ್ತುಕೊಂಡೇ ಚೆನ್ನೈಗೆ ಹೋಗುತ್ತಾರೆ. ಸಿಮೆಂಟಿನ ನೆಲದ ಮೇಲೆ ಡ್ರಿಲ್‌ನಂತೆ ಕಾಲು ಬಡಿಯುವುದಂತೂ ಬೇಡವೇ ಬೇಡ. ಮೂಳೆ ಗಟ್ಟಿಯಾಗಲು ವಾರಗಳು ಬೇಕು, ಬಿರುಕು ಬಿಡಲು ಅಷ್ಟು ಬೇಡ. ಸೇನಾ ತರಬೇತಿಯಲ್ಲಿ ಇಂಥ ಬಿರುಕು ಹುಡುಗಿಯರಲ್ಲಿ ಹೆಚ್ಚು. ಒಂದೇ ಕಡೆ ಬೆರಳಿಟ್ಟು ತೋರಿಸಬಹುದಾದ ನೋವು ಬಂದು, ವಿಶ್ರಾಂತಿಯಲ್ಲೂ ಉಳಿದರೆ ಓಟ ನಿಲ್ಲಿಸಿ ಮೂಳೆ ವೈದ್ಯರಿಗೆ ತೋರಿಸಿ. ಸಹಿಸಿಕೊಂಡು ಓಡಿದರೆ ತರಬೇತಿಯ ತಿಂಗಳುಗಳೇ ಕಳೆದುಹೋಗಬಹುದು.

ಓಟದ ಅಭ್ಯಾಸ ಪೂರ್ತಿ ಓಟದ ಶೂನಲ್ಲೇ ಇರಲಿ. ಎರಡು ಜೊತೆ ಇಟ್ಟುಕೊಳ್ಳಿ, ನಮ್ಮ ಮಳೆಯಲ್ಲಿ ಒಂದು ಒಣಗುವಷ್ಟರಲ್ಲಿ ಇನ್ನೊಂದು ಬೇಕಾಗುತ್ತದೆ. ಒಂದು ಜೊತೆ ಐನೂರರಿಂದ ಎಂಟುನೂರು ಕಿಲೋಮೀಟರ್‌ವರೆಗೆ ಬಾಳುತ್ತದೆ, ಆದ್ದರಿಂದ ಕಾಲಿಗೆ ಹೊಂದಿದ, ಆದರೆ ಸವೆಯದ ಜೊತೆಯನ್ನು ಕೊಂಡೊಯ್ಯಿರಿ. ಪಟ್ಟಿಯಲ್ಲಿ ಬಿಳಿ ಕ್ಯಾನ್ವಾಸ್ ಪಿಟಿ ಶೂ ಇದ್ದರೆ ಅದರ ತಳ ತೆಳು ಎಂಬುದು ನೆನಪಿರಲಿ. ಮೂರ್ನಾಲ್ಕು ಮಿಲಿಮೀಟರ್ ಇನ್‌ಸೋಲ್ ಹಾಕುವಷ್ಟು ಜಾಗ ನೋಡಿಯೇ ಕೊಳ್ಳಿ. ಅದನ್ನು ತೊಳೆದ ಮೇಲೆ ಸೋಪು ಪೂರ್ತಿ ಹೋಗುವವರೆಗೆ ಜಾಲಿಸಿ, ಉಳಿದ ಸೋಪೇ ಬಿಸಿಲಿಗೆ ಹಳದಿಯಾಗುವುದು.

ಕಾಲುಚೀಲ: ಒಳಗೆ ತೆಳುವಾದ ನೈಲಾನ್ ಅಥವಾ ಪಾಲಿಯೆಸ್ಟರ್, ಹೊರಗೆ ದಪ್ಪ ಉಣ್ಣೆ ಮಿಶ್ರಣದ್ದು. ಉಜ್ಜಾಟ ಎರಡು ಬಟ್ಟೆಗಳ ನಡುವೆ ನಡೆಯಬೇಕು, ಚರ್ಮದ ಮೇಲಲ್ಲ. ಹತ್ತಿಯದೊಂದೇ ಹಾಕಿದರೆ ಬೆವರು ಹಿಡಿದಿಟ್ಟುಕೊಂಡು ಚರ್ಮವನ್ನು ಮೆತ್ತಗೆ ಮಾಡುತ್ತದೆ, ಮೆತ್ತಗಾದ ಚರ್ಮ ಬೇಗ ಸುಲಿಯುತ್ತದೆ. ತೆಳುವಿನದು ಆರು ಜೊತೆ, ದಪ್ಪದ್ದು ನಾಲ್ಕು ಜೊತೆ ಇರಲಿ. ಬೆರಳ ತುದಿಯ ಹೊಲಿಗೆ ದಪ್ಪಗಿದ್ದರೆ ತಿರುವಿ ಹಾಕಿ.

ಇನ್ನು ಮಳೆ. ಒದ್ದೆ ಬೂಟನ್ನು ಬಚ್ಚಲ ಹಂಡೆ ಒಲೆಯ ಪಕ್ಕ ಒಣಗಿಸುವ ಅಭ್ಯಾಸ ನಮ್ಮ ಕಡೆ ಮನೆಮನೆಯಲ್ಲೂ ಇದೆ, ದಯವಿಟ್ಟು ಮಾಡಬೇಡಿ. ಬೆಂಕಿಯ ಕಾವಿಗೆ ಚರ್ಮದ ಎಣ್ಣೆ ಆರಿ ಹಪ್ಪಳದಂತೆ ಸೆಟೆದುಕೊಳ್ಳುತ್ತದೆ, ಬಗ್ಗುವ ಜಾಗದಲ್ಲಿ ಸೀಳುತ್ತದೆ, ಅಟ್ಟೆಯ ಅಂಟೂ ಬಿಡುತ್ತದೆ. ಇನ್‌ಸೋಲ್ ತೆಗೆದು, ಲೇಸು ಪೂರ್ತಿ ಸಡಿಲಿಸಿ, ಹಳೇ ಪೇಪರ್ ತುರುಕಿ, ಗಾಳಿಯಾಡುವ ನೆರಳಲ್ಲಿ ಇಡಿ. ಎರಡು ಮೂರು ಗಂಟೆಗೊಮ್ಮೆ ಪೇಪರ್ ಬದಲಿಸಿ. ಬೂಷ್ಟು ಹಿಡಿದರೆ ಒಣ ಬ್ರಷ್‌ನಿಂದ ಮನೆಯ ಹೊರಗೆ ಉಜ್ಜಿ, ಸರ್ಜಿಕಲ್ ಸ್ಪಿರಿಟ್ ತಾಗಿಸಿದ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಪಾಲಿಶ್ ಹಾಕಿ. ಇಂಬಳ (ಜಿಗಣೆ) ಹತ್ತದಿರಲೆಂದು ಬೂಟಿನೊಳಗೆ ಸುಣ್ಣ ಹಾಕುವವರಿದ್ದಾರೆ. ಬೆವರಿನೊಂದಿಗೆ ಸೇರಿ ಅದು ಚರ್ಮ ಸುಡುತ್ತದೆ. ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ಚೀಲದ ಹೊರಮೈಗೆ ಹೊಗೆಸೊಪ್ಪಿನ ನೀರು ಹಚ್ಚಿದರೆ ಸಾಕು.

ಮಳೆಯಲ್ಲಿ ಒಂದು ಲಾಭವೂ ಇದೆ. ನೀವು ಸೇರುವ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಚೆನ್ನೈಗೆ ಹಿಂಗಾರು, ಸೆಕೆಯೂ ಒದ್ದೆಯೂ ಒಟ್ಟಿಗೇ. ಒದ್ದೆ ಬೂಟಿನಲ್ಲಿ ನಿಮ್ಮ ಕಾಲು ಎಲ್ಲಿ ಕೈಕೊಡುತ್ತದೆ ಎಂದು ಇಲ್ಲೇ ಗೊತ್ತುಮಾಡಿಕೊಳ್ಳಿ. ಕೊನೆಯ ತಿಂಗಳಲ್ಲಿ ಎರಡು ನಡಿಗೆಯನ್ನು ಬೇಕೆಂದೇ ನೆನೆದ ಬೂಟಿನಲ್ಲಿ ಮುಗಿಸಿ, ಬಂದ ಕೂಡಲೇ ಕಾಲು ತೊಳೆದು, ಬೆರಳ ಸಂದು ಒರೆಸಿ, ಎರಡು ಗಂಟೆ ಬರಿಗಾಲಲ್ಲಿರಿ. ಬೆರಳ ಸಂದಿಗೆ ಶಿಲೀಂಧ್ರ ತಡೆಯುವ ಕ್ಲೋಟ್ರಿಮಜೋಲ್ ಪೌಡರ್ ಹಾಕುವುದನ್ನು ಈಗಿನಿಂದಲೇ ರೂಢಿಸಿಕೊಳ್ಳಿ.

ಬೂಟು ಕಚ್ಚುವ ಮೊದಲು ಆ ಜಾಗ ಬಿಸಿಯಾಗಿ ಚುರುಗುಡುತ್ತದೆ. ಅದೇ ನಿಲ್ಲಬೇಕಾದ ಕ್ಷಣ. ಬೆವರು ಒರೆಸಿ, ಜಿಂಕ್ ಆಕ್ಸೈಡ್ ಟೇಪಿನ ತುಂಡನ್ನು ಮೂಲೆ ದುಂಡಗೆ ಕತ್ತರಿಸಿ, ಸುಕ್ಕಿಲ್ಲದಂತೆ ಅಂಟಿಸಿ. ಗುಳ್ಳೆ ಎದ್ದೇಬಿಟ್ಟರೆ, ಸಣ್ಣದಾಗಿ ನೋವಿಲ್ಲದಿದ್ದರೆ ಮುಟ್ಟಬೇಡಿ. ದೊಡ್ಡದಾಗಿ ನಡೆಯಲಾಗದಿದ್ದರೆ ಕೈ ತೊಳೆದು, ಸ್ಪಿರಿಟ್‌ನಲ್ಲಿ ಒರೆಸಿದ ಸೂಜಿಯಿಂದ ಅಂಚಿನಲ್ಲಿ ಎರಡು ಕಡೆ ಚುಚ್ಚಿ ನೀರು ಒತ್ತಿ ತೆಗೆಯಿರಿ. ಮೇಲಿನ ಚರ್ಮ ಕೀಳಬೇಡಿ, ಅದಕ್ಕಿಂತ ಒಳ್ಳೆಯ ಪಟ್ಟಿ ಇಲ್ಲ. ಬೆಟಾಡಿನ್ ಹಚ್ಚಿ, ಗಾಜ್ ಇಟ್ಟು, ಅದರ ಮೇಲೆ ಟೇಪು. ನೇರ ಗುಳ್ಳೆಗೇ ಟೇಪು ಅಂಟಿಸಿದರೆ ಕೀಳುವಾಗ ಚರ್ಮವೂ ಬರುತ್ತದೆ. ಕೆಂಪು ಹರಡಿದರೆ, ಕೀವು ಕಂಡರೆ ವೈದ್ಯರ ಬಳಿ ಹೋಗಿ.

ಪಾಲಿಶ್ ಕಲಿತು ಹೋದರೆ ಅಲ್ಲಿ ರಾತ್ರಿಯ ನಿದ್ದೆ ಉಳಿಯುತ್ತದೆ. ಡಬ್ಬಿಯ ಮೇಣದ ಪಾಲಿಶ್, ಹಚ್ಚಲು ಒಂದು ಬ್ರಷ್, ಹೊಳಪಿಗೆ ಇನ್ನೊಂದು, ಹಳೇ ಹತ್ತಿ ಬನಿಯನ್ ಬಟ್ಟೆ ಬೇಕು. ಮೊದಲು ಬ್ರಷ್‌ನಿಂದ ಹಚ್ಚಿ, ಹತ್ತು ನಿಮಿಷ ಬಿಟ್ಟು ಉಜ್ಜಿ. ಆಮೇಲೆ ಬಟ್ಟೆಯನ್ನು ಎರಡು ಬೆರಳಿಗೆ ಬಿಗಿಯಾಗಿ ಸುತ್ತಿ, ಚೂರೇ ಚೂರು ಪಾಲಿಶ್ ತೆಗೆದು, ಮಂಜು ಕವಿದಂತೆ ಆಗುವವರೆಗೆ ಸಣ್ಣ ಸುತ್ತಿನಲ್ಲಿ ತಿಕ್ಕಿ. ಒಂದು ಹನಿ ತಣ್ಣೀರು ಹಾಕಿ ಹಗುರಾಗಿ ತಿಕ್ಕಿ. ಹೊಸ ಚರ್ಮಕ್ಕೆ ಹೀಗೆ ಎಂಟು ಹತ್ತು ಪದರ ಬೇಕು. ಕನ್ನಡಿ ಹೊಳಪು ಮೂತಿಗೂ ಹಿಮ್ಮಡಿಗೂ ಮಾತ್ರ, ಬಗ್ಗುವ ಜಾಗದಲ್ಲಿ ದಪ್ಪ ಪದರ ಬಿರಿಯುತ್ತದೆ. ಬಾಟಲಿಯ ದ್ರವ ಪಾಲಿಶ್ ತಾಗಿಸಬೇಡಿ, ಅದು ಬಿಡುವ ಪೊರೆಯ ಮೇಲೆ ಮೇಣ ಕೂರುವುದಿಲ್ಲ. ಹರಳು ಹರಳಾದ ಡಿಎಂಎಸ್ ಚರ್ಮ ಕನ್ನಡಿ ಆಗುವುದಿಲ್ಲ, ಕಪ್ಪಗೆ ಶುಚಿಯಾಗಿದ್ದರೆ ಸಾಕು.

ಉಳಿದ ಸಾಮಾನು ಬೇಗ ಹೇಳುತ್ತೇನೆ. ಪೆಟ್ಟಿಗೆಗೆ ಎರಡೆರಡು ಕೀ ಇರುವ ಬೀಗ. ಅಳಿಸದ ಮಾರ್ಕರ್, ಏಕೆಂದರೆ ಒಂದೇ ಥರದ ನೂರಾರು ಬಟ್ಟೆಗಳ ನಡುವೆ ನಿಮ್ಮದು ಗೊತ್ತಾಗಬೇಕು. ಸೂಜಿ, ಕಪ್ಪು, ಬಿಳಿ, ಖಾಕಿ ದಾರ, ಸೇಫ್ಟಿ ಪಿನ್, ಎರಡು ಜೊತೆ ಹೆಚ್ಚುವರಿ ಲೇಸು, ಹಿತ್ತಾಳೆಗೆ ಬ್ರಾಸೊ, ಟಾರ್ಚು, ಸೊಳ್ಳೆ ಮುಲಾಮು. ಹೊರೆಯೊಳಗಿನ ಬಟ್ಟೆ ನೆನೆಯದಂತೆ ದಪ್ಪ ಪ್ಲಾಸ್ಟಿಕ್ ಚೀಲ ಐದಾರು. ಬ್ಯಾಗಿನ ಹೊರಗೆ ಹೊದಿಸುವುದಕ್ಕಿಂತ ಒಳಗೆ ಬೇರೆ ಬೇರೆಯಾಗಿ ಕಟ್ಟಿದ್ದೇ ಒಣಗಿರುತ್ತದೆ. ಕನ್ನಡಕ ಇದ್ದರೆ ಎರಡನೆಯದೂ ಹಿಂದಕ್ಕೆ ಕಟ್ಟುವ ದಾರವೂ ಇರಲಿ. ಉದ್ದ ಕೂದಲಿದ್ದರೆ ಕಪ್ಪು ಪಿನ್ನು, ನೆಟ್ಟು ಧಾರಾಳವಾಗಿ ಒಯ್ಯಿರಿ. ಹೆಲ್ಮೆಟ್ ಕೂರುವಂತೆ ಕುತ್ತಿಗೆಯ ಮೇಲೆ ತಗ್ಗಾಗಿ ತುರುಬು ಕಟ್ಟುವುದನ್ನೂ ಈಗಲೇ ರೂಢಿಸಿಕೊಳ್ಳಿ.

ಹೊರಡುವ ಮುನ್ನ ಕೊನೆಯ ಐದು ದಿನ ಬೂಟಿನ ನಡಿಗೆ ನಿಲ್ಲಿಸಿ, ಗಾಯವೇನಾದರೂ ಇದ್ದರೆ ಮಾಯಲಿ. ಕಾಲುಗುರನ್ನು ಎರಡು ದಿನ ಮೊದಲೇ ನೇರವಾಗಿ ಕತ್ತರಿಸಿ. ಮೂಲೆ ಕೊರೆದರೆ ಉಗುರು ಮಾಂಸದೊಳಗೆ ಬೆಳೆಯುತ್ತದೆ. ಗಟ್ಟಿಯಾದ ಚರ್ಮವನ್ನು ಕಲ್ಲಿನಿಂದ ಉಜ್ಜಿ ತೆಗೆಯಬೇಡಿ, ಹತ್ತು ವಾರ ದುಡಿದು ಗಳಿಸಿದ್ದು ಅದು. ಬೂಟು, ಓಟದ ಶೂ, ಎರಡು ಜೊತೆ ಕಾಲುಚೀಲ, ಟೇಪು ಇಷ್ಟನ್ನೂ ರೈಲಿನಲ್ಲಿ ಪೆಟ್ಟಿಗೆಗೆ ಹಾಕದೆ ಕೈಚೀಲದಲ್ಲೇ ಇಟ್ಟುಕೊಳ್ಳಿ. ಪೆಟ್ಟಿಗೆ ತಡವಾಗಿ ಕೈಗೆ ಸಿಕ್ಕರೂ ಮೊದಲ ಬೆಳಗಿನ ಓಟಕ್ಕೆ ಇವು ಬೇಕು.