ಸಿಡಿಎಸ್ ಬರೀಬೇಕು, ಇಂಗ್ಲಿಷ್‌ಗೆ ಏನ್ಮಾಡೋದು ಸರ್?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯ. ಡಿಗ್ರಿ ಮುಗಿಸಿ, ಸಿಡಿಎಸ್ (ಕಂಬೈನ್ಡ್ ಡಿಫೆನ್ಸ್ ಸರ್ವಿಸಸ್) ಪರೀಕ್ಷೆ ಬರೆದು ಸೇನೆಯಲ್ಲಿ ಆಫೀಸರ್ ಆಗಬೇಕು ಅನ್ನುವವರು, ಅವರ ಅಪ್ಪ ಅಮ್ಮಂದಿರು, ಜೊತೆಗೆ ಒಬ್ಬರು ನಿವೃತ್ತ ಹವಾಲ್ದಾರರು. ಎಲ್ಲರ ತಲೆನೋವೂ ಇಂಗ್ಲಿಷೇ. ಬ್ಯಾಂಕ್ ಪರೀಕ್ಷೆ, ಕೆಎಎಸ್ ಪ್ರಶ್ನೆ ಕಳಿಸಿದವರು ಮುಂದಿನ ಸಂಚಿಕೆವರೆಗೆ ಕಾಯಿರಿ.

ಪಿಯುಸಿವರೆಗೂ ಕನ್ನಡ ಮಾಧ್ಯಮ ಸರ್. ಈಗ ಬಿ.ಎ. ಕೊನೇ ವರ್ಷ. ಸಿಡಿಎಸ್‌ನಲ್ಲಿ ಇಂಗ್ಲಿಷ್ ಪೇಪರ್ ತುಂಬಾ ಕಷ್ಟ ಅಂತಾರೆ. ನನ್ನಂಥವರಿಗೆ ಆಗುತ್ತಾ?
— ಬಿ.ಎ. ವಿದ್ಯಾರ್ಥಿ, ಹಾವೇರಿ

ಆಗುತ್ತೆ. ಆದರೆ ಮೊದಲು ಆ ಪೇಪರ್ ಏನು ಕೇಳುತ್ತದೆ ಅಂತ ನೋಡಿ. ಅರ್ಧ ಹೆದರಿಕೆ ಅಲ್ಲೇ ಹೋಗುತ್ತೆ.

ಸಿಡಿಎಸ್ ಅನ್ನು ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ನಡೆಸುತ್ತದೆ. ಡೆಹ್ರಾಡೂನ್‌ನ ಐಎಂಎ (ಇಂಡಿಯನ್ ಮಿಲಿಟರಿ ಅಕಾಡೆಮಿ), ಎಳಿಮಲದ ನೌಕಾ ಅಕಾಡೆಮಿ, ಹೈದರಾಬಾದ್‌ನ ವಾಯುಪಡೆ ಅಕಾಡೆಮಿ, ಈ ಮೂರಕ್ಕೆ ಇಂಗ್ಲಿಷ್, ಸಾಮಾನ್ಯ ಜ್ಞಾನ, ಗಣಿತ ಅಂತ ಮೂರು ಪೇಪರ್, ತಲಾ 100 ಅಂಕ. ಚೆನ್ನೈನ ಒಟಿಎಗೆ (ಆಫೀಸರ್ಸ್ ಟ್ರೈನಿಂಗ್ ಅಕಾಡೆಮಿ) ಗಣಿತ ಇಲ್ಲ, ಎರಡೇ ಪೇಪರ್. ಅಂದರೆ ಒಟಿಎಗೆ ಹೋಗುವವರ ಲಿಖಿತ ಅಂಕಗಳಲ್ಲಿ ಸರಿಯಾಗಿ ಅರ್ಧ ಇಂಗ್ಲಿಷ್‌ನದು. ಗಣಿತ ಬರಲ್ಲ ಅಂತ ಒಟಿಎ ಹಿಡಿಯುವ ನಮ್ಮ ಹುಡುಗರು ಇದನ್ನು ಯೋಚನೆನೇ ಮಾಡಿರಲ್ಲ.

ಇಂಗ್ಲಿಷ್ ಪೇಪರ್‌ನಲ್ಲಿ 120 ಪ್ರಶ್ನೆ, ಎರಡು ಗಂಟೆ. ಪ್ರಬಂಧ ಇಲ್ಲ, ಪತ್ರ ಇಲ್ಲ, ಒಂದು ವಾಕ್ಯವನ್ನೂ ನೀವು ಸ್ವಂತವಾಗಿ ಬರೆಯಬೇಕಿಲ್ಲ. ನಾಲ್ಕರಲ್ಲಿ ಒಂದನ್ನು ಆರಿಸಿ ಗುಂಡಿ ತುಂಬಿಸುವುದಷ್ಟೇ. ತಪ್ಪಾದರೆ ಆ ಪ್ರಶ್ನೆಯ ಮೂರನೇ ಒಂದು ಭಾಗ ಅಂಕ ಕಟ್. ಬಿಟ್ಟರೆ ಏನೂ ಕಟ್ ಇಲ್ಲ. ಯುಪಿಎಸ್‌ಸಿಯ ಸಿಲಬಸ್ ಈ ಪೇಪರ್‌ಗೆ ಒಂದೇ ಸಾಲು ಕೊಟ್ಟಿದೆ: ಅಭ್ಯರ್ಥಿಗೆ ಇಂಗ್ಲಿಷ್ ಅರ್ಥವಾಗುತ್ತದೆಯೇ, ಕೆಲಸ ನಡೆಯುವಷ್ಟು ಸರಿಯಾಗಿ ಪದಗಳನ್ನು ಬಳಸಲು ಬರುತ್ತದೆಯೇ ಅಂತ ನೋಡುತ್ತೇವೆ ಎಂದು. ಮಿಂಚುವ ಇಂಗ್ಲಿಷ್, ಸ್ಟೈಲ್, ಉಚ್ಚಾರಣೆ ಯಾವುದರ ಮಾತೂ ಅದರಲ್ಲಿಲ್ಲ.

ಇನ್ನು ಪ್ರಶ್ನೆಗಳು. ಸಮಾನಾರ್ಥಕ, ವಿರುದ್ಧಾರ್ಥಕ, ಬಿಟ್ಟ ಸ್ಥಳ, ಕಲಸಿಟ್ಟ ವಾಕ್ಯಗಳನ್ನು ಸಾಲಾಗಿ ಜೋಡಿಸುವುದು, ಒಂದು ಪ್ಯಾಸೇಜ್ ಓದಿ ಉತ್ತರಿಸುವುದು, ನುಡಿಗಟ್ಟು, ತಪ್ಪು ಹುಡುಕುವುದು. ನಮ್ಮವರು ಮಕಾಡೆ ಬೀಳುವುದು ಈ ಕೊನೆಯದರಲ್ಲಿ. ವಾಕ್ಯವನ್ನು ಮೂರು ತುಂಡು ಮಾಡಿ ಎ, ಬಿ, ಸಿ ಅಂತ ಗುರುತು ಹಾಕಿರುತ್ತಾರೆ. ತಪ್ಪು ಯಾವ ತುಂಡಿನಲ್ಲಿದೆ ಹೇಳಬೇಕು. ತಪ್ಪೇ ಇಲ್ಲದಿದ್ದರೆ ಡಿ. ಉದಾಹರಣೆಗೆ ನಾನೇ ಒಂದು ಮಾಡಿಕೊಡುತ್ತೇನೆ: (ಎ) ಮೈ ಬ್ರದರ್ (ಬಿ) ಹ್ಯಾಸ್ ಬೀನ್ ಸರ್ವಿಂಗ್ ಇನ್ ದಿ ಆರ್ಮಿ (ಸಿ) ಸಿನ್ಸ್ ಫೋರ್ ಇಯರ್ಸ್. ಓದಿದರೆ ಎಲ್ಲಾ ಸರಿ ಇದೆ ಅನ್ನಿಸುತ್ತೆ, ಅಲ್ವಾ? ತಪ್ಪು ಸಿಯಲ್ಲಿದೆ. ಅಲ್ಲಿ ‘ಫಾರ್’ ಬರಬೇಕು. ನಾವು 2021ರಿಂದ ಅಂತಲೂ ಹೇಳುತ್ತೇವೆ, ನಾಲ್ಕು ವರ್ಷದಿಂದ ಅಂತಲೂ ಹೇಳುತ್ತೇವೆ, ಎರಡಕ್ಕೂ ನಮ್ಮದು ಒಂದೇ ‘ಇಂದ’. ಅದಕ್ಕೇ ಕಿವಿಗೆ ತಪ್ಪು ಕೇಳಿಸುವುದೇ ಇಲ್ಲ. ‘ಸೀನಿಯರ್ ದ್ಯಾನ್ ಮಿ’, ‘ಡಿಸ್ಕಸ್ ಅಬೌಟ್’, ‘ಒನ್ ಆಫ್ ಮೈ ಫ್ರೆಂಡ್’, ‘ರಿಟರ್ನ್ ಬ್ಯಾಕ್’, ಇವೂ ಅದೇ ಜಾತಿಯವು. ನಾವು ದಿನಾ ಆಡುವ ಇಂಗ್ಲಿಷ್‌ನಲ್ಲೇ ಇಂಥವು ಹೇರಳವಾಗಿವೆ. ಒಂದು ನೋಟ್‌ಬುಕ್ ಇಟ್ಟುಕೊಂಡು ಸಿಕ್ಕ ಸಿಕ್ಕಲ್ಲಿ ಬರೆದುಕೊಳ್ಳಿ. ಹಳೇ ಪ್ರಶ್ನೆಪತ್ರಿಕೆಗಳು ಯುಪಿಎಸ್‌ಸಿ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. ಹತ್ತು ಪೇಪರ್ ಗಡಿಯಾರ ಇಟ್ಟುಕೊಂಡು ಮಾಡಿದರೆ ನಿಮಗೆ ಯಾವುದು ಬರುತ್ತದೆ, ಯಾವುದು ಬರಲ್ಲ ಅಂತ ಯಾರೂ ಹೇಳಬೇಕಾಗಿಲ್ಲ.

ಇನ್ನೊಂದು ಮಾತು. ಈಚಿನ ವರ್ಷಗಳಲ್ಲಿ ಪ್ರತಿ ಪೇಪರ್‌ನಲ್ಲೂ ಕನಿಷ್ಠ ಶೇ. 20 ಬಂದರೆ ಸಾಕು ಅಂತ ಇದೆ. ಇದನ್ನು ಕೇಳಿ ಇಂಗ್ಲಿಷ್‌ನಲ್ಲಿ 20 ತೆಗೆದರೆ ಮುಗೀತು ಅಂದುಕೊಳ್ಳಬೇಡಿ. 20 ಬಂದರೆ ನಿಮ್ಮನ್ನು ಲೆಕ್ಕಕ್ಕೆ ತಗೋತಾರೆ, ಅಷ್ಟೆ. ಮುಂದಿನ ಹಂತದ ಸಂದರ್ಶನಕ್ಕೆ ಕರೆ ಬರುವುದು ಒಟ್ಟು ಅಂಕ ನೋಡಿ.

ನಾನು ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಆದರೂ ಮೊದಲ ಸಲ ಬರೆದಾಗ ಇಂಗ್ಲಿಷ್‌ನಲ್ಲೇ ಅಂಕ ಕಡಿಮೆ ಬಂತು. ನಗೆಪಾಟಲಾಯಿತು.
— ಹೆಸರು ಬೇಡ, ಶಿವಮೊಗ್ಗ

ನಗುವವರು ನಗಲಿ. ಸಾಹಿತ್ಯದ ಪರೀಕ್ಷೆಯಲ್ಲಿ ಒಂದು ಪ್ರಶ್ನೆಗೆ ಆರು ಪುಟ ಬರೆದು ಅಭ್ಯಾಸ. ಇಲ್ಲಿ ಒಂದು ಪ್ರಶ್ನೆಗೆ ಒಂದು ನಿಮಿಷ. ಅನುಮಾನ ಬಂದಾಗಲೆಲ್ಲ ನೀವು ಗುಂಡಿ ತುಂಬಿಸಿರುತ್ತೀರಿ, ಮೈನಸ್ ನಿಮ್ಮನ್ನು ತಿಂದಿರುತ್ತದೆ. ವಯಸ್ಸು ಮಾತ್ರ ನೋಡಿಕೊಳ್ಳಿ. ಐಎಂಎಗೆ 24, ಒಟಿಎಗೆ 25ರವರೆಗೆ. ಜನ್ಮದಿನಾಂಕದ ಗಡಿ ಪ್ರತಿ ಅಧಿಸೂಚನೆಯಲ್ಲಿ ಬೇರೆ ಇರುತ್ತದೆ, ಅದನ್ನೇ ಓದಿ.

ಮಗನನ್ನು ನಮ್ಮೂರಿನ ಒಂದು ಕೋಚಿಂಗ್ ಸೆಂಟರ್‌ಗೆ ಸೇರಿಸಿದ್ದೇವೆ. ‘ಡಿಫೆನ್ಸ್ ಇಂಗ್ಲಿಷ್’ ಅಂತ ಬೇರೆಯಾಗಿ ಫೀಸ್ ಕೇಳುತ್ತಿದ್ದಾರೆ. ಕಟ್ಟಬೇಕಾ?
— ಒಬ್ಬ ತಂದೆ, ದಾವಣಗೆರೆ

ಏನು ಕಲಿಸುತ್ತಾರೆ ಅಂತ ಒಂದು ದಿನ ಕೂತು ನೋಡಿ ಸರ್, ಕೂರೋದು ಬೇಡ ಅಂತ ಅವರು ಅಂದರೆ ಅಲ್ಲೇ ಉತ್ತರ ಸಿಕ್ಕಿತು. ಡಿಫೆನ್ಸ್ ಇಂಗ್ಲಿಷ್ ಅನ್ನುವ ಬೇರೆ ಇಂಗ್ಲಿಷ್ ಇಲ್ಲ. ಹಳೇ ಪೇಪರ್ ಬಿಡಿಸಿ ಯಾಕೆ ತಪ್ಪು ಅಂತ ಹೇಳಿಕೊಡುವ ಮೇಷ್ಟ್ರು ಅಲ್ಲಿದ್ದರೆ ದುಡ್ಡು ಕೊಡಿ. ಟೈ ಕಟ್ಟಿಸಿ, ಕನ್ನಡಿ ಮುಂದೆ ನಿಲ್ಲಿಸಿ ‘ಗುಡ್ ಮಾರ್ನಿಂಗ್ ಸರ್, ಮೈಸೆಲ್ಫ್ ಸೋ ಅಂಡ್ ಸೋ’ ಅಂತ ಹೇಳಿಸುತ್ತಿದ್ದರೆ ಆ ದುಡ್ಡಲ್ಲಿ ಮಗನಿಗೆ ಒಳ್ಳೇ ಶೂ ಕೊಡಿಸಿ, ಓಡಲಿ.

ನಾನು ಸೇನೆಯಲ್ಲಿ ಇದ್ದವನು. ಜವಾನರ ಜೊತೆ ಹಿಂದಿಯಲ್ಲೇ ಮಾತು, ಹಿಂದಿಯಲ್ಲೇ ಹುಕುಂ. ಆಫೀಸರ್ ಆಗುವವನಿಗೆ ಇಂಗ್ಲಿಷ್ ಪರೀಕ್ಷೆ ಯಾಕೆ? ಹಳ್ಳಿ ಹುಡುಗರನ್ನು ಹೊರಗಿಡಲಿಕ್ಕಾ?
— ನಿವೃತ್ತ ಹವಾಲ್ದಾರ್, ಗೋಕಾಕ

ನಮಸ್ಕಾರ ಹವಾಲ್ದಾರ್ ಸಾಹೇಬರೇ. ನಿಮ್ಮ ಪ್ರಶ್ನೆಯಲ್ಲಿ ಸಿಟ್ಟಿದೆ, ಸಿಟ್ಟಿಗೆ ಕಾರಣವೂ ಇದೆ.

ಒಂದು ತಮಾಷೆ ಗೊತ್ತಾ? ಬ್ರಿಟಿಷರ ಕಾಲದಲ್ಲಿ ಪರೀಕ್ಷೆ ಉಲ್ಟಾ ಇತ್ತು. ಇಂಗ್ಲೆಂಡಿನಿಂದ ಬಂದು ಭಾರತೀಯ ಸೇನೆ ಸೇರುವ ಬಿಳಿ ಆಫೀಸರ್ ಉರ್ದು ಪರೀಕ್ಷೆ ಪಾಸು ಮಾಡಬೇಕಿತ್ತು. ಮುನ್ಷಿಯನ್ನು ಇಟ್ಟುಕೊಂಡು ಪಾಠ ಹೇಳಿಸಿಕೊಳ್ಳುತ್ತಿದ್ದರು. ಸಿಪಾಯಿಯ ಮಾತು ಗೊತ್ತಿಲ್ಲದವನು ಸಿಪಾಯಿಯನ್ನು ನಡೆಸಲಾರ ಅನ್ನುವುದು ಅವರಿಗೂ ಗೊತ್ತಿತ್ತು. ಆ ಪದ್ಧತಿಯ ಒಂದಂಶ ಇವತ್ತಿಗೂ ಇದೆ. ಗೂರ್ಖಾ ರೈಫಲ್ಸ್‌ಗೆ ಹೋದ ಆಫೀಸರ್ ನೇಪಾಳಿ ಕಲಿಯಲೇಬೇಕು.

ಹಾಗಾದರೆ ಇಂಗ್ಲಿಷ್ ಯಾಕೆ? ಕೆಳಗಿನವರಿಗೆ ಹಿಂದಿ ಅಥವಾ ಅವರವರ ಭಾಷೆ ಸಾಕು, ಆದರೆ ಆಫೀಸರ್ ಮೇಲಕ್ಕೂ ಅಕ್ಕಪಕ್ಕಕ್ಕೂ ಮಾತಾಡಬೇಕು. ಕಾರ್ಯಾಚರಣೆಯ ಆದೇಶ, ಕೋರ್ಸುಗಳ ಪಾಠ, ಉಪಕರಣಗಳ ಮ್ಯಾನ್ಯುಯಲ್, ಹೊರದೇಶದ ಸೇನೆಗಳ ಜೊತೆಗಿನ ಸಮರಾಭ್ಯಾಸ, ವಿಶ್ವಸಂಸ್ಥೆಯ ಶಾಂತಿಪಾಲನೆ, ಇದೆಲ್ಲ ನಡೆಯುವುದು ಹೆಚ್ಚಾಗಿ ಇಂಗ್ಲಿಷ್‌ನಲ್ಲಿ. ನಿಮ್ಮಂಥವರ ವಾರ್ಷಿಕ ವರದಿ ಬರೆಯುವವನೂ ಅವನೇ. ಅಲ್ಲಿ ಅಡ್ಡಾದಿಡ್ಡಿ ವಾಕ್ಯ ಬರೆದರೆ ಒಬ್ಬ ಒಳ್ಳೇ ಜವಾನನ ಬಡ್ತಿಗೇ ಏಟು ಬೀಳಬಹುದು. ಹಾಗಾಗಿ ಇಂಗ್ಲಿಷ್ ಗೊತ್ತಿದೆಯೇ ಅಂತ ನೋಡುವುದು ತಪ್ಪು ಅಂತ ನಾನು ಹೇಳಲ್ಲ.

ನನ್ನ ತಕರಾರು ಬೇರೆ ಕಡೆ. ಅದೇ ಸಿಡಿಎಸ್‌ನ ಸಾಮಾನ್ಯ ಜ್ಞಾನ, ಗಣಿತದ ಪೇಪರ್‌ಗಳು ಇಂಗ್ಲಿಷ್ ಮತ್ತು ಹಿಂದಿ ಎರಡರಲ್ಲೂ ಅಚ್ಚಾಗುತ್ತವೆ. ಕನ್ನಡದಲ್ಲಿ ಇಲ್ಲ. ಬಿಹಾರದ ಹಿಂದಿ ಮಾಧ್ಯಮದ ಹುಡುಗನಿಗೆ ಭೂಗೋಳದ ಪ್ರಶ್ನೆ ಅವನ ಭಾಷೆಯಲ್ಲಿ ಸಿಗುತ್ತದೆ. ಹಾವೇರಿಯ ಹುಡುಗನಿಗೆ ಆ ಪೇಪರ್ ಕೂಡ ಇನ್ನೊಂದು ಇಂಗ್ಲಿಷ್ ಪೇಪರ್ ಆಗುತ್ತದೆ. ಇಬ್ಬರಿಗೂ ಇಂಗ್ಲಿಷ್ ಒಂದೇ ಸಲ ಪರೀಕ್ಷೆಯಾಗಲಿ, ಒಬ್ಬನಿಗೆ ಮೂರು ಸಲ ಯಾಕೆ? ಮಾಡೋಕಾಗಲ್ಲ ಅನ್ನುವ ಹಾಗೂ ಇಲ್ಲ. ಸೇನೆಯ ಅಗ್ನಿವೀರ್ ಪರೀಕ್ಷೆ 2025ರಲ್ಲಿ ಕನ್ನಡವೂ ಸೇರಿ 13 ಭಾಷೆಗಳಲ್ಲಿ ನಡೆಯಿತು. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೆಬಲ್ ಪರೀಕ್ಷೆಗೆ 2024ರಿಂದಲೇ ಕನ್ನಡ ಬಂದಿದೆ. ಕೆಳಗಿನ ಹುದ್ದೆಗೆ ಕನ್ನಡ ನಡೆಯುತ್ತದೆ, ಮೇಲಿನದಕ್ಕೆ ನಡೆಯಲ್ಲ ಅಂದರೆ ನಿಮ್ಮ ಸಿಟ್ಟಿಗೆ ನಾನು ಏನಂತ ಸಮಾಧಾನ ಹೇಳಲಿ? ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ನಮ್ಮವರು ಅಂತ ಭಾಷಣ ಮಾಡುವ ನಮ್ಮ ಸಂಸದರು ಇದನ್ನೂ ಒಂದು ಸಲ ಕೇಳಬಹುದು.

ಲಿಖಿತ ಪರೀಕ್ಷೆ ಪಾಸಾಗಿದೆ ಸರ್! ಒಟಿಎಗೆ ಎಸ್‌ಎಸ್‌ಬಿ (ಸೇನೆಯ ಆಯ್ಕೆ ಮಂಡಳಿ) ಕರೆ ಬರಬೇಕು. ಆದರೆ ಇಂಗ್ಲಿಷ್‌ನಲ್ಲಿ ಮಾತಾಡೋಕೆ ನಿಂತರೆ ಬಾಯಿ ಒಣಗುತ್ತೆ. ಉಚ್ಚಾರಣೆನೂ ನಮ್ಮೂರಿನ ಥರಾನೇ. ಏನು ಮಾಡಲಿ?
— ಬಿ.ಎಸ್‌ಸಿ. ಪದವೀಧರೆ, ಹಾಸನ

ಮೊದಲು ಶಾಬಾಸ್ ಕಣಮ್ಮಾ. ಅಸಲಿ ಇಂಗ್ಲಿಷ್ ಪರೀಕ್ಷೆ ಇಲ್ಲೇ ಇದೆ ಅಂತ ಎಲ್ಲರೂ ಹೆದರಿಸಿರುತ್ತಾರೆ. ಅದು ಅರ್ಧ ಸತ್ಯ.

ಒಟಿಎಗೆ ಲಿಖಿತ 200, ಎಸ್‌ಎಸ್‌ಬಿ 200. ಐದು ದಿನದ ಆಯ್ಕೆ. ಅಲ್ಲಿ ಅಳೆಯುವುದು 15 ಗುಣಗಳನ್ನು. ಹೊಣೆಗಾರಿಕೆ, ಧೈರ್ಯ, ಬೇಗ ತೀರ್ಮಾನ ತಗೊಳ್ಳುವುದು, ಜೊತೆಯವರ ಜೊತೆ ಹೊಂದಿಕೊಳ್ಳುವುದು, ಹೀಗೆ. ಆ ಪಟ್ಟಿಯಲ್ಲಿ ಇಂಗ್ಲಿಷ್ ಅನ್ನುವುದು ಇಲ್ಲವೇ ಇಲ್ಲ. ಇರುವುದು ‘ಅಭಿವ್ಯಕ್ತಿ ಶಕ್ತಿ’, ಹೇಳಬೇಕಾದ್ದನ್ನು ಎದುರಿನವನಿಗೆ ತಿಳಿಯುವಂತೆ ಹೇಳುವುದು. ಹಾಸನದ ಉಚ್ಚಾರಣೆಗೆ ಅಲ್ಲಿ ಅಂಕ ಕಳೆಯುವ ಕಾಲಮ್ ಇಲ್ಲ. ಗುಂಪಿನಲ್ಲಿ ಮಾತಾಡುವಾಗ ಹಿಂದಿ ಒಂದೆರಡು ಸಲ ನುಸುಳಿದರೂ ಆಕಾಶ ಬೀಳಲ್ಲ. ಸುಮ್ನೆ ಕೂರುವುದು ಮಾತ್ರ ಕೆಡಿಸುತ್ತದೆ. ನಾಲ್ಕು ದಿನ ಒಟ್ಟಿಗೆ ಇದ್ದು ನೀವು ಬಾಯೇ ಬಿಡದಿದ್ದರೆ ಆ 15ರಲ್ಲಿ ಯಾವುದು ನಿಮ್ಮಲ್ಲಿದೆ ಅಂತ ಅವರಿಗೆ ತಿಳಿಯುವುದು ಹೇಗೆ?

ಎಲ್ಲೆಲ್ಲಿ ಇಂಗ್ಲಿಷ್ ಬೇಕು ಅಂತ ನೋಡೋಣ. ಮೊದಲ ದಿನ ಒಂದು ಮಸುಕಾದ ಚಿತ್ರವನ್ನು 30 ಸೆಕೆಂಡ್ ತೋರಿಸುತ್ತಾರೆ. ನಾಲ್ಕು ನಿಮಿಷದಲ್ಲಿ ಅದರ ಮೇಲೆ ಕಥೆ ಬರೆಯಬೇಕು, ಆಮೇಲೆ ಗುಂಪಿನಲ್ಲಿ ಅದನ್ನು ಹೇಳಿ ಚರ್ಚೆ ಮಾಡಬೇಕು. ಬಹಳ ಜನ ಆ ದಿನವೇ ಮನೆಗೆ. ಚರ್ಚೆ ಅಂದರೆ ಮೀನು ಮಾರ್ಕೆಟ್, ಎಲ್ಲರೂ ಒಟ್ಟಿಗೆ ಕೂಗುತ್ತಾರೆ. ಅಲ್ಲಿ ಉದ್ದುದ್ದ ವಾಕ್ಯ ನಡೆಯುವುದೇ ಇಲ್ಲ. ಐದಾರು ಪದದ ನೇರ ವಾಕ್ಯ ಇದ್ದವನ ಮಾತೇ ಕೇಳಿಸುವುದು, ಆ ಲೆಕ್ಕದಲ್ಲಿ ನಿಮ್ಮ ಕಮ್ಮಿ ಇಂಗ್ಲಿಷ್ ನಿಮಗೆ ಲಾಭವೇ.

ಎರಡನೇ ದಿನ ಮನಶ್ಶಾಸ್ತ್ರದ ಪರೀಕ್ಷೆ. ಅದರಲ್ಲಿ 60 ಪದಗಳು ಒಂದಾದ ಮೇಲೊಂದು ಬರುತ್ತವೆ, ಪ್ರತಿಯೊಂದಕ್ಕೆ 15 ಸೆಕೆಂಡ್. ಪದ ನೋಡಿದ ಕೂಡಲೇ ಹೊಳೆದದ್ದನ್ನು ಬರೆಯಬೇಕು. ‘ರಿವರ್’ ಅಂತ ಬಂತು ಅಂದುಕೊಳ್ಳಿ. ನಿಮಗೆ ಹೇಮಾವತಿ ನೆನಪಾಗಬಹುದು, ಬರೆಯಿರಿ: ‘ರಿವರ್ಸ್ ಫೀಡ್ ಅವರ್ ಫಾರ್ಮ್ಸ್’. ನಾಲ್ಕೇ ಪದ, ಮುಗೀತು. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷ್‌ಗೆ ತಿರುಗಿಸುತ್ತಾ ಕೂತರೆ ಮುಂದಿನ ಪದ ಬಂದೇ ಬಿಟ್ಟಿರುತ್ತದೆ. ಗೈಡುಗಳಲ್ಲಿ ಇದಕ್ಕೆ ರೆಡಿಮೇಡ್ ವಾಕ್ಯಗಳಿವೆ, ದಯವಿಟ್ಟು ಬಾಯಿಪಾಠ ಮಾಡಬೇಡಿ. ಅದೇ ವಾಕ್ಯಗಳನ್ನು ಆ ಪರೀಕ್ಷಕರು ಸಾವಿರ ಸಲ ಓದಿರುತ್ತಾರೆ.

ಆಮೇಲೆ ಮೈದಾನದ ದಿನಗಳಲ್ಲಿ ಒಂದು ಪುಟ್ಟ ಭಾಷಣ. ಕಾರ್ಡಿನಲ್ಲಿ ನಾಲ್ಕು ವಿಷಯ ಇರುತ್ತವೆ, ಒಂದನ್ನು ಆರಿಸಿಕೊಂಡು ಮೂರು ನಿಮಿಷ ತಯಾರಿ, ಮೂರು ನಿಮಿಷ ಮಾತು. ಇದಕ್ಕೆ ಮನೆಯಲ್ಲೇ ತಯಾರಿ ಆಗುತ್ತದೆ. ದಿನಾ ಸಂಜೆ ಅಮ್ಮನ ಮುಂದೆ, ತಂಗಿಯ ಮುಂದೆ ನಿಂತು ಒಂದು ವಿಷಯ ಇಂಗ್ಲಿಷ್‌ನಲ್ಲಿ ಮೂರು ನಿಮಿಷ ಹೇಳಿ. ಅವರಿಗೆ ಅರ್ಥವಾಗದಿದ್ದರೂ ಪರವಾಗಿಲ್ಲ, ನೀವು ಎಲ್ಲಿ ತಡವರಿಸಿದಿರಿ ಅಂತ ಅವರು ಸರಿಯಾಗಿ ಹೇಳುತ್ತಾರೆ. ಡಿಗ್ರಿ ಕಾಲೇಜಲ್ಲಿ ಎನ್‌ಸಿಸಿ ನೋಡಿಕೊಳ್ಳುತ್ತಿದ್ದಾಗ ನಾನು ನಮ್ಮ ಕೆಡೆಟ್‌ಗಳಿಗೆ ಇದನ್ನೇ ಮಾಡಿಸುತ್ತಿದ್ದೆ. ಮೊದಲ ವಾರ ಮೂರು ನಿಮಿಷ ಅನ್ನುವುದು ಮೂರು ಗಂಟೆ ಆಗುತ್ತಿತ್ತು, ತಿಂಗಳಾಗುವ ಹೊತ್ತಿಗೆ ‘ಸಾಕು ನಿಲ್ಸೋ’ ಅನ್ನಬೇಕಾಗುತ್ತಿತ್ತು.

ಇಂಗ್ಲಿಷ್ ಲಿಖಿತ ಪರೀಕ್ಷೆಯೇ ಇಲ್ಲದೆ ಆಫೀಸರ್ ಆಗುವ ದಾರಿ ಇದೆಯಾ?
— ಕೆಲವರು, ಬೇರೆ ಬೇರೆ ಊರುಗಳಿಂದ

ಇದೆ. ಎನ್‌ಸಿಸಿ ‘ಸಿ’ ಸರ್ಟಿಫಿಕೇಟ್, ಡಿಗ್ರಿಯಲ್ಲಿ ಶೇ. 50 ಇದ್ದರೆ ಸೇನೆಯ ಎನ್‌ಸಿಸಿ ವಿಶೇಷ ಪ್ರವೇಶದಲ್ಲಿ ಲಿಖಿತ ಪರೀಕ್ಷೆ ಇಲ್ಲ, ಆಯ್ಕೆಯಾದವರು ನೇರ ಎಸ್‌ಎಸ್‌ಬಿಗೆ. ಎಂಜಿನಿಯರ್‌ಗಳಿಗೆ ಟಿಜಿಸಿ (ಟೆಕ್ನಿಕಲ್ ಗ್ರಾಜುಯೇಟ್ ಕೋರ್ಸ್) ಅಂತ ಇದೆ, ಅಲ್ಲಿಯೂ ಡಿಗ್ರಿ ಅಂಕ ನೋಡಿ ಕರೆಯುತ್ತಾರೆ. ವಾಯುಪಡೆಯ ಎಎಫ್‌ಕ್ಯಾಟ್‌ನಲ್ಲಿ ಪರೀಕ್ಷೆ ಇದೆ, 100 ಪ್ರಶ್ನೆ, 300 ಅಂಕ. ಇಂಗ್ಲಿಷ್ ಅದರಲ್ಲಿ ಒಂದು ಭಾಗ ಮಾತ್ರ, ಆದರೆ ಇಡೀ ಪೇಪರೇ ಇಂಗ್ಲಿಷ್‌ನಲ್ಲಿರುತ್ತದೆ. ಯಾವ ದಾರಿ ಹಿಡಿದರೂ ಮೇಲೆ ಹಾಸನದವರಿಗೆ ಹೇಳಿದ ಆ ಐದು ದಿನ ತಪ್ಪಲ್ಲ. ಭೂಸೇನೆಗಾದರೆ ಬೆಂಗಳೂರಿನಲ್ಲೇ ಕೇಂದ್ರ ಇದೆ, ವಾಯುಪಡೆಗೆ ಮೈಸೂರಿನಲ್ಲಿ. ನಿಮ್ಮನ್ನು ಭೋಪಾಲಕ್ಕೋ ಪ್ರಯಾಗ್‌ರಾಜ್‌ಗೋ ಕರೆಯಲೂಬಹುದು.

ಯಾವ ಇಂಗ್ಲಿಷ್ ನ್ಯೂಸ್‌ಪೇಪರ್ ಓದಲಿ?
— ಬಿ.ಕಾಂ., ಸಿಂಧನೂರು

ನಿಮ್ಮೂರಿಗೆ ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಬರುವ ಯಾವುದಾದರೂ ಸರಿ. ಕ್ರಿಕೆಟ್ ಪುಟದಿಂದ ಶುರು ಮಾಡಿ, ಅಲ್ಲಿ ಏನಾಗಿದೆ ಅಂತ ನಿಮಗೆ ಮೊದಲೇ ಗೊತ್ತಿರುತ್ತದೆ. ಸಂಪಾದಕೀಯಕ್ಕೆ ಎರಡು ತಿಂಗಳಾದ ಮೇಲೆ ಹೋಗಿ.