ಗರ್ಭಿಣಿ ಅಂತ ರಾಜೀನಾಮೆ ಕೇಳುತ್ತಿದ್ದಾರೆ, ಬರೆದುಕೊಡಲೇ?

ಪ್ರಶ್ನೆ: ನಾನು ಬೆಂಗಳೂರಿನ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಸೇರಿ ನಾಲ್ಕು ವರ್ಷ ಮೂರು ತಿಂಗಳಾಯಿತು. ಸಂಬಳ ಸುಮಾರು 14,000 ರೂಪಾಯಿ. ಇಎಸ್‌ಐ, ಪಿಎಫ್ ಎರಡೂ ಕಟ್ ಆಗುತ್ತವೆ. ಈಗ ಐದು ತಿಂಗಳ ಗರ್ಭಿಣಿ, ಮೊದಲನೇ ಮಗು. ವಿಷಯ ಗೊತ್ತಾದ ಮೇಲೆ ಮಷಿನ್‌ನಿಂದ ಎಬ್ಬಿಸಿ ಚೆಕಿಂಗ್‌ಗೆ ಹಾಕಿದ್ದಾರೆ. ದಿನವಿಡೀ ನಿಂತೇ ಇರಬೇಕು. ‘ಆರು ತಿಂಗಳು ಸುಮ್ನೆ ಸಂಬಳ ಕೊಡೋಕೆ ಕಂಪನಿಗೆ ಆಗಲ್ಲ. ರಾಜೀನಾಮೆ ಬರೆದುಕೊಡು, ಮಗು ಆದ ಮೇಲೆ ಹೊಸದಾಗಿ ಸೇರಿಸ್ಕೋತೀವಿ’ ಅಂತ ಎಚ್‌ಆರ್‌ನವರು ದಿನಾ ಹೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಬರೆದುಕೊಡಬೇಡಿ. ಖಾಲಿ ಹಾಳೆಗೂ ಸಹಿ ಹಾಕಬೇಡಿ. ಉಳಿದದ್ದನ್ನೆಲ್ಲ ನಿಧಾನವಾಗಿ ನೋಡೋಣ, ಇದೊಂದು ಮಾತ್ರ ಇವತ್ತೇ ಗಟ್ಟಿ ಮಾಡಿಕೊಳ್ಳಿ.

ಅವರು ಹೇಳುವ ಕಾರಣವೇ ಸರಿಯಿಲ್ಲ. ಇಎಸ್‌ಐ ಇರುವವರಿಗೆ ಹೆರಿಗೆ ರಜೆಯ ಹಣ ಕೊಡುವುದು ಇಎಸ್‌ಐ ನಿಗಮ, ಕಂಪನಿ ಅಲ್ಲ. ನಿಮ್ಮ ಸಂಬಳದಿಂದ ತಿಂಗಳಿಗೆ ಶೇ. 0.75, ಅಂದರೆ ಸುಮಾರು 105 ರೂಪಾಯಿ ಹೋಗುತ್ತಿದೆ. ಕಂಪನಿ ಶೇ. 3.25 ಕಟ್ಟುತ್ತದೆ. ಆ ದುಡ್ಡು ಇಂಥ ಹೊತ್ತಿಗೇ ಇರುವುದು. ಹಿಂದಿನ ಎರಡು ಚಂದಾ ಅವಧಿಗಳಲ್ಲಿ (ಒಂದೊಂದು ಆರು ತಿಂಗಳು) ಸೇರಿ 70 ದಿನಗಳ ಚಂದಾ ಇದ್ದರೆ ಸಾಕು, 26 ವಾರ ಪೂರ್ತಿ ಸಂಬಳದ ಲೆಕ್ಕದಲ್ಲಿ ಹಣ ಬರುತ್ತದೆ. ನಿಮ್ಮ ಸಂಬಳಕ್ಕೆ ಸುಮಾರು 84,000 ರೂಪಾಯಿ ಆಗುತ್ತದೆ. ಮೊದಲ ಎರಡು ಮಕ್ಕಳಿಗೆ ಈ 26 ವಾರ. ಅದರಲ್ಲಿ ಎಂಟು ವಾರದವರೆಗೆ ಹೆರಿಗೆಗೆ ಮುಂಚೆಯೇ ತೆಗೆದುಕೊಳ್ಳಬಹುದು.

ಇನ್ನೊಂದು ಲೆಕ್ಕವನ್ನು ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ಒಂದೇ ಕಡೆ ಐದು ವರ್ಷ ದುಡಿದರೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡಬೇಕಾದ ಇಡಿಗಂಟು, ಸಿಗುತ್ತದೆ. ಹೆರಿಗೆ ರಜೆಯೂ ಸರ್ವೀಸಿಗೆ ಸೇರುತ್ತದೆ. ನೀವು ಏಳನೇ ತಿಂಗಳವರೆಗೆ ಕೆಲಸ ಮಾಡಿ, 26 ವಾರ ರಜೆ ಮುಗಿಸಿ ಬಂದರೆ, ಒಂದೆರಡು ತಿಂಗಳಲ್ಲೇ ಐದು ವರ್ಷ ತುಂಬುತ್ತದೆ. ಈಗಿನ ಸಂಬಳದ ಮೇಲೆ ಅದು ಸುಮಾರು 40,000 ರೂಪಾಯಿ. ಈಗ ರಾಜೀನಾಮೆ ಕೊಟ್ಟು ಆಮೇಲೆ ಹೊಸದಾಗಿ ಸೇರಿದರೆ ಸರ್ವೀಸ್ ಒಂದನೇ ದಿನದಿಂದ ಶುರು. ‘ಮತ್ತೆ ಸೇರಿಸ್ಕೋತೀವಿ’ ಅನ್ನುವ ಮಾತಿನಲ್ಲಿ ನೀವು ಕಳೆದುಕೊಳ್ಳುವುದು ಇದನ್ನು. ನನಗೆ ತುಂಬಾ ಸಂಕಟವಾಗುವುದೂ ಇಲ್ಲೇ. ಬಾಣಂತನದ ಖರ್ಚು ಎದುರಿಗಿರುವಾಗ ಕೈಗೆ ಬರಬೇಕಾದ ದುಡ್ಡನ್ನು ಒಂದು ಸಹಿ ಕಸಿದುಕೊಳ್ಳುತ್ತದೆ.

ಹೆರಿಗೆ ರಜೆಯಲ್ಲಿ ಇದ್ದಾಗ ಕೆಲಸದಿಂದ ತೆಗೆಯುವಂತಿಲ್ಲ. ಅದಕ್ಕೇ ತೆಗೆಯುವ ಬದಲು ರಾಜೀನಾಮೆ ಕೇಳುವುದು. ಕಾಗದದ ಮೇಲೆ ನೀವಾಗಿಯೇ ಬಿಟ್ಟಂತೆ ಆಗುತ್ತದೆ ಅಲ್ವಾ? ಮೊದಲ ಸಲ ಗರ್ಭಿಣಿಯಾದರೆ ಗಗನಸಖಿಯರನ್ನು ಕೆಲಸದಿಂದ ತೆಗೆಯುವ ಏರ್ ಇಂಡಿಯಾ ನಿಯಮವನ್ನು ಸುಪ್ರೀಂ ಕೋರ್ಟ್ 1981ರಲ್ಲೇ ತಳ್ಳಿಹಾಕಿತು. 2000ನೇ ಇಸವಿಯಲ್ಲಿ ದೆಹಲಿ ನಗರಪಾಲಿಕೆಯಲ್ಲಿ ರಸ್ತೆ ಕೆಲಸ ಮಾಡುವ ದಿನಗೂಲಿ ಹೆಂಗಸರಿಗೂ ಹೆರಿಗೆ ಸೌಲಭ್ಯ ಕೊಡಬೇಕು ಎಂದಿತು. ರಸ್ತೆ ಕೆಲಸದವರಿಗೆ ಇರುವ ಹಕ್ಕು ನಿಮಗೂ ಇದೆ.

ನಿಂತು ಮಾಡುವ ಕೆಲಸದ ವಿಷಯ. ಹೆರಿಗೆಗೆ ಸುಮಾರು ಹತ್ತು ವಾರ ಇರುವಾಗಿನಿಂದ, ನೀವು ಕೇಳಿಕೊಂಡರೆ, ತುಂಬಾ ಹೊತ್ತು ನಿಲ್ಲುವ ಅಥವಾ ಭಾರದ ಕೆಲಸ ಕೊಡುವಂತಿಲ್ಲ. ಹಗುರ ಕೆಲಸ ಕೊಟ್ಟೆವು ಅಂತ ಸಂಬಳ ಕಡಿಮೆ ಮಾಡುವಂತೆಯೂ ಇಲ್ಲ. ನಿಮಗೆ ಆ ಹತ್ತು ವಾರ ಇನ್ನೂ ಶುರುವಾಗಿಲ್ಲ. ಆದರೂ ಕಾಯಬೇಡಿ. ಇಎಸ್‌ಐ ಡಾಕ್ಟರ ಹತ್ತಿರ ‘ಕೂತು ಮಾಡುವ ಕೆಲಸ ಕೊಡಿ’ ಅಂತ ಚೀಟಿ ಬರೆಸಿಕೊಂಡು ಈಗಲೇ ಕೊಡಿ.

ಬಾಯಿಮಾತಿನಲ್ಲಿ ಬಿಡಬೇಡಿ. ಒಂದು ಪುಟದ ಪತ್ರ ಕನ್ನಡದಲ್ಲೇ ಬರೆಯಿರಿ: ನಾನು ಗರ್ಭಿಣಿ, ಹೆರಿಗೆಯ ಅಂದಾಜು ದಿನ ಇಂಥದ್ದು, ಈ ದಿನದಿಂದ ರಜೆ ಬೇಕು, ರಾಜೀನಾಮೆ ಕೊಡುವ ಇಚ್ಛೆ ನನಗಿಲ್ಲ. ಒಂದು ಪ್ರತಿಯ ಮೇಲೆ ಎಚ್‌ಆರ್‌ನವರ ಸಹಿ, ಸೀಲು ಹಾಕಿಸಿಕೊಳ್ಳಿ. ಅವರು ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಸಂಬಳ ಚೀಟಿ, ತಾಯಿ ಕಾರ್ಡ್, ವಾಟ್ಸಾಪ್ ಮೆಸೇಜು, ಎಲ್ಲವನ್ನೂ ಮನೆಯಲ್ಲಿ ಜೋಪಾನ ಮಾಡಿ. ಅಕಸ್ಮಾತ್ ಹೆದರಿಸಿ ಸಹಿ ಹಾಕಿಸಿಕೊಂಡರೆ, ‘ಇದು ಬಲವಂತದ ಸಹಿ’ ಅಂತ ಅವತ್ತೇ ಬರೆದು ಕಳಿಸಿ. ಒಂದು ವಾರ ತಡವಾದರೂ ನಿಮ್ಮ ಮಾತಿನ ತೂಕ ಕಡಿಮೆಯಾಗುತ್ತದೆ.

2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದೆ. 1961ರ ಹೆರಿಗೆ ಸೌಲಭ್ಯ ಕಾಯ್ದೆ, ಇಎಸ್‌ಐ ಕಾಯ್ದೆ, ಗ್ರಾಚ್ಯುಟಿ ಕಾಯ್ದೆ ಮೂರೂ ಅದರೊಳಗೆ ಸೇರಿವೆ. ‘ಹಳೇ ಕಾನೂನು ಹೋಯ್ತು’ ಅಂತ ಯಾರಾದರೂ ಹೇಳಿದರೆ ನಂಬಬೇಡಿ. 26 ವಾರ ಹಾಗೇ ಇದೆ. ವಾಪಸ್ ಬಂದ ಮೇಲೆ ಮಗುವಿಗೆ 15 ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ಬಿಡುವು ಉಂಟು. 50 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಡೆ ಶಿಶುಪಾಲನಾ ಕೇಂದ್ರವೂ ಇರಬೇಕು.

ಕೆಲಸದಿಂದ ತೆಗೆದೇಬಿಟ್ಟರೆ, ಆದೇಶ ಕೈಗೆ ಸಿಕ್ಕ 60 ದಿನದೊಳಗೆ ಮೇಲ್ಮನವಿ ಹಾಕಬೇಕು. ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋಗಿ ಕಾರ್ಮಿಕ ಇಲಾಖೆಯವರಿಗೆ ಲಿಖಿತ ದೂರು ಕೊಡಿ. ವಕೀಲರ ಫೀಸಿಗೆ ಹೆದರಬೇಡಿ. ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತವಾಗಿ ಸಿಗುತ್ತಾರೆ. ಅದರ ಸಹಾಯವಾಣಿ 15100. ಪತ್ರ ಬರೆಯುವಾಗ ತೊಡಕಾದರೂ ಆ ನಂಬರಿಗೆ ಫೋನ್ ಮಾಡಿ ಕೇಳಬಹುದು.