ಆಟೋ ಐಎಸ್‌ಒ ಬಳಸಿದರೆ ಮರ್ಯಾದೆ ಹೋಗುತ್ತಾ?

ಪ್ರಶ್ನೆ: ಸರ್, ನನ್ನ ಹತ್ತಿರ 150-600 ಎಂಎಂ ಜೂಮ್ ಲೆನ್ಸ್ ಇದೆ. ಹೋದ ತಿಂಗಳು ರಂಗನತಿಟ್ಟಿಗೆ ಹೋಗಿದ್ದೆ. ದೋಣಿಯಲ್ಲಿ ಪಕ್ಕ ಕೂತವರೊಬ್ಬರು ‘ಆಟೋ ಐಎಸ್‌ಒನಾ? ಅದು ಹೊಸಬರಿಗೆ’ ಅಂತ ನಕ್ಕರು. ನಾಚಿಕೆಯಾಗಿ ಐಎಸ್‌ಒ 400ಕ್ಕೆ ಇಟ್ಟುಕೊಂಡೆ. ಮನೆಗೆ ಬಂದು ನೋಡಿದರೆ ಅರ್ಧಕ್ಕರ್ಧ ಫೋಟೊ ಕಪ್ಪು. ಆಟೋ ಯಾವಾಗ ಬಳಸಬೇಕು?
– ಓದುಗರೊಬ್ಬರು, ಮಂಡ್ಯ

ಉತ್ತರ: ನಕ್ಕವರು ನಗಲಿ ಬಿಡಿ. ಐಎಸ್‌ಒ ಅಂದರೆ ಕ್ಯಾಮೆರಾ ಬೆಳಕಿಗೆ ಎಷ್ಟು ಸ್ಪಂದಿಸಬೇಕು ಅನ್ನುವ ಲೆಕ್ಕ, ಏರಿಸಿದಷ್ಟೂ ಫೋಟೊ ಬೆಳ್ಳಗಾಗುತ್ತದೆ. ನಾನು ರೀಲ್ ಕಾಲದಲ್ಲಿ ಮದುವೆ ಫೋಟೊ ತೆಗೆಯುತ್ತಿದ್ದವನು. ಐಎಸ್‌ಒ 100ರ ರೀಲ್ ಹಾಕಿದರೆ 36 ಫೋಟೊ ಮುಗಿಯುವ ತನಕ ಅದೇ ಗತಿ. ಬಿಸಿಲಲ್ಲಿ ಬಂದ ದಿಬ್ಬಣ ಛತ್ರದೊಳಗೆ ಕಾಲಿಟ್ಟ ಕೂಡಲೇ ನಮ್ಮ ಫಜೀತಿ ಶುರು. ಫೋಟೊಗೊಂದು ಐಎಸ್‌ಒ ತಾನಾಗೇ ಹಾಕಿಕೊಳ್ಳುವ ಕ್ಯಾಮೆರಾ ಆಗ ಸಿಕ್ಕಿದ್ದರೆ ಅದಕ್ಕೆ ಆರತಿ ಎತ್ತುತ್ತಿದ್ದೆ!

ನಿಮ್ಮ ದೋಣಿಗೆ ಬರೋಣ. ಬಣ್ಣದ ಕೊಕ್ಕರೆ ಹಾರುವಾಗ ರೆಕ್ಕೆ ಮಸುಕಾಗಬಾರದು ಅಂದರೆ ಶಟರ್ ವೇಗ ಸೆಕೆಂಡಿನ 1/2000 ಆದರೂ ಬೇಕು. ಅಂಥ ಲೆನ್ಸ್‌ಗಳು ಪೂರ್ತಿ ಜೂಮ್‌ನಲ್ಲಿ ಸಾಮಾನ್ಯವಾಗಿ ಕೊಡುವ ಅಪರ್ಚರ್, ಅಂದರೆ ಬೆಳಕು ಒಳಗೆ ಬಿಡುವ ಕಿಂಡಿ, ಎಫ್ 6.3. ಇವೆರಡರಲ್ಲೂ ರಾಜಿ ಇಲ್ಲ. ಉಳಿಯುವುದು ಐಎಸ್‌ಒ ಒಂದೇ. ದೋಣಿ ಈಗ ಬಿಸಿಲಲ್ಲಿ, ಇನ್ನೊಂದು ಗಳಿಗೆಗೆ ಮರದ ನೆರಳಲ್ಲಿ. ನಿಮ್ಮ 400 ಮಾತ್ರ ಅಲ್ಲೇ ಕೂತಿತ್ತು, ಅದಕ್ಕೇ ಕಪ್ಪು. ಎಂ (ಮ್ಯಾನುಯಲ್) ಮೋಡ್‌ನಲ್ಲಿ ಶಟರ್, ಅಪರ್ಚರ್ ನೀವು ಹಿಡಿದುಕೊಳ್ಳಿ, ಐಎಸ್‌ಒ ಆಟೋಗೆ ಬಿಡಿ. ಮೆನುವಿನಲ್ಲಿ ಗರಿಷ್ಠ ಮಿತಿ ಹಾಕಲು ಮರೆಯಬೇಡಿ. ನನ್ನದು 6400. ನಿಮ್ಮ ಕ್ಯಾಮೆರಾದಲ್ಲಿ ಎಷ್ಟರವರೆಗೆ ಗ್ರೇನ್ಸ್ (ಐಎಸ್‌ಒ ಏರಿದಾಗ ಕಾಣುವ ಕಾಳುಕಾಳು) ಸಹಿಸಬಹುದು ಅಂತ ನೀವೇ ನೋಡಿಕೊಳ್ಳಿ. ಗ್ರೇನ್ಸ್ ಇದ್ದರೂ ಪರವಾಗಿಲ್ಲ, ಅಲುಗಿದ ಫೋಟೊವನ್ನು ಸರಿಮಾಡುವುದು ಕಷ್ಟ.

ಇನ್ನು ಆಟೋ ನನಗೇ ಕೈಕೊಟ್ಟ ಕಥೆ. ಕುಂದಾಪುರದ ಕಡೆ ಒಂದು ಯಕ್ಷಗಾನ ಬಯಲಾಟ. ವೇಷ ಕಟ್ಟುವ ಚೌಕಿಯ ಮಂದ ಬೆಳಕಲ್ಲಿ ಮುಖಕ್ಕೆ ಬಣ್ಣ ಬರೆದುಕೊಳ್ಳುವವರ ಫೋಟೊ ಆಟೋದಲ್ಲೇ ತೆಗೆದೆ, ಚೆನ್ನಾಗಿ ಬಂತು. ಅದೇ ಧೈರ್ಯದಲ್ಲಿ ರಂಗಸ್ಥಳದ ಮುಂದೆ ಕೂತೆ. ವೇಷದ ಹಿಂದೆ ಬರೀ ಕತ್ತಲೆ. ಕ್ಯಾಮೆರಾ ಆ ಕತ್ತಲೆಯನ್ನೂ ಲೆಕ್ಕಕ್ಕೆ ತಗೊಂಡು ಐಎಸ್‌ಒ ಏರಿಸಿತು. ಬಣ್ಣದ ವೇಷದವರು, ಅಂದರೆ ರಕ್ಕಸ ಪಾತ್ರದವರು, ಗಂಟೆಗಟ್ಟಲೆ ಕೂತು ಮುಖದ ಮೇಲೆ ಒಂದೊಂದೇ ಬಿಳಿ ಚುಕ್ಕಿಯಾಗಿ ಇಟ್ಟ ಚುಟ್ಟಿ ನನ್ನ ಫೋಟೊದಲ್ಲಿ ಅಕ್ಕಿ ಹಿಟ್ಟು ಎರಚಿದ ಹಾಗಿತ್ತು. ವೇಷ ಮುಂದೆ ಬಂದರೆ ಒಂದು ಐಎಸ್‌ಒ, ಹಿಂದೆ ಸರಿದರೆ ಇನ್ನೊಂದು. ರಂಗದ ದೀಪ ಮಾತ್ರ ಇಡೀ ರಾತ್ರಿ ಇದ್ದ ಹಾಗೇ ಇತ್ತು.

ನೀವು ನೋಡಬೇಕಾದ್ದು ಅದನ್ನೇ. ಬೆಳಕು ಬದಲಾಗುತ್ತಿದ್ದರೆ ಆಟೋ. ಬೆಳಕು ಅದೇ ಇದ್ದು ಹಿನ್ನೆಲೆ ಮಾತ್ರ ಬದಲಾಗುತ್ತಿದ್ದರೆ ಐಎಸ್‌ಒ ಕೈಯಲ್ಲೇ ಇಡಿ. ಬಿಸಿಲಲ್ಲಿ ಹಾರುವ ಬೆಳ್ಳಕ್ಕಿಯ ಹಿಂದೆ ಒಮ್ಮೆ ಕಪ್ಪು ಮರ, ಒಮ್ಮೆ ಆಕಾಶ ಬರುತ್ತದೆ ಅಲ್ವಾ? ಹಕ್ಕಿಯ ಮೇಲಿನ ಬಿಸಿಲು ಬದಲಾಗಿಲ್ಲ, ಆದರೂ ಆಟೋ ಕುಣಿಯುತ್ತದೆ. ಆಟೋ ಬಿಡಲು ಮನಸ್ಸಿಲ್ಲದಿದ್ದರೆ, ಮರದ ಮುಂದೆ ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಕ್ಯಾಮೆರಾದ ಬೆಳಕಿನ ಲೆಕ್ಕವನ್ನು ಏರಿಸಿ ಇಳಿಸುವ ಸೌಲಭ್ಯ) ಒಂದು ಸ್ಟಾಪ್, ಅಂದರೆ -1ಕ್ಕೆ, ಇಳಿಸಿ. ಕೆಲವು ಹಳೆಯ ಕ್ಯಾಮೆರಾಗಳಲ್ಲಿ ಎಂ ಮೋಡ್‌ನಲ್ಲಿ ಇದು ನಡೆಯುವುದಿಲ್ಲ, ಮೊದಲೇ ಪರೀಕ್ಷಿಸಿಕೊಳ್ಳಿ.

ಟ್ರೈಪಾಡ್ ಮೇಲೆ ಕೂರಿಸಿದ ಕ್ಯಾಮೆರಾಕ್ಕಂತೂ ಆಟೋ ಬೇಡ. ಜಲಪಾತದ ನೀರು ಹಾಲಿನ ಹಾಗೆ ಕಾಣಬೇಕಾದರೆ ಶಟರ್ ನಿಧಾನವಾಗಿರಬೇಕು, ಐಎಸ್‌ಒ ಸುಮ್ನೆ 100ಕ್ಕೆ ಇಡಿ.

ಬಯಲಾಟಕ್ಕೆ ಹೋದರೆ ಈಗ ನಾನು ಪ್ರಸಂಗಕ್ಕೆ ಮೊದಲು ನಡೆಯುವ ಪೂರ್ವರಂಗಕ್ಕೇ ಹಾಜರು. ಕೋಡಂಗಿಗಳು ಕುಣಿಯುವಾಗ ಹತ್ತಿಪ್ಪತ್ತು ಫೋಟೊ ತೆಗೆದು ಐಎಸ್‌ಒ ಗೊತ್ತುಮಾಡಿಕೊಂಡುಬಿಡುತ್ತೇನೆ. ಹೆಚ್ಚಾಗಿ 3200ರ ಆಸುಪಾಸು ಬರುತ್ತದೆ. ಆಮೇಲೆ ಬೆಳಗಿನ ತನಕ ಅದನ್ನು ಮುಟ್ಟುವುದಿಲ್ಲ.